‘ಸುಮಾ 40, ಗುಟ್ಟು’ ಗುಂಪಿನಲ್ಲಿ ನಡೆದ ಜಗಳ

(ನನ್ನ ತಮ್ಮ ಪುಟ್ಟ ತನ್ನ ಹೆಂಡತಿ ಸುಮಾಳ ನಲವತ್ತನೇ ಹುಟ್ಟುಹಬ್ಬಕ್ಕೆ ಅಂತ ಮಾಡಿದ ಗುಂಪು. ಸುಮಾ ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಇದ್ದೇವೆ. ಭಾನುವಾರ ಬೆಳಿಗ್ಗೆ ಅವನು ಒಂದು ಪಿಡಿಎಫ್ ಹಾಕಿದ. ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೇ ಇವೆ.)

ಪುಟ್ಟ: 📎 ಯುರೋಪ್ 8 ದಿನ.ಪಿಡಿಎಫ್

ಪುಟ್ಟ: ಎಲ್ಲರೂ ನೋಡಿ ಹೇಳಿ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಜ್ಯೂರಿಕ್, ವೆನಿಸ್, ರೋಮ್. ಸೆಪ್ಟೆಂಬರ್ 21, ಸೋಮವಾರ ಇಳಿಯುವುದು. 28ಕ್ಕೆ ವಾಪಸ್. 24ಕ್ಕೆ ಸುಮಾಗೆ ನಲವತ್ತು. ಅವಳಿಗೆ ಏನೂ ಗೊತ್ತಿಲ್ಲ, ಏರ್‌ಪೋರ್ಟಿಗೆ ಹೋದ ಮೇಲೇ ಹೇಳುತ್ತೇನೆ. ನಾಳೆ ಸಂಜೆಯೊಳಗೆ ಮುಂಗಡ ಕಟ್ಟಬೇಕು.

ದೊಡ್ಡಕ್ಕ: ಅಯ್ಯೋ ಪುಟ್ಟ, ಎಷ್ಟು ಚೆನ್ನಾಗಿದೆಯೋ! ಅವಳ ಮುಖ ನೋಡೋಕೆ ನಾನೂ ಏರ್‌ಪೋರ್ಟಿಗೆ ಬರುತ್ತೇನೆ.

ಅಣ್ಣ: ಭೇಷ್. ಒಂದೇ ವೀಸಾದಲ್ಲಿ ಐದು ಊರು. ಕಟ್ಟಿಬಿಡು, ಸೀಟು ಖಾಲಿ ಆಗುತ್ತವೆ.

ನಾನು: ಒಂದು ನಿಮಿಷ ತಡಿ ಪುಟ್ಟ. ನಾಲ್ಕನೇ ದಿನದ ಪುಟ ಓದಿದೆಯಾ? ಅದರಲ್ಲಿ ಇರೋದನ್ನೇ ಹಾಕುತ್ತೇನೆ. “6.30 ತಿಂಡಿ. 7.15ಕ್ಕೆ ಬಸ್. ಕಲೋನ್ ಚರ್ಚ್, ಹೊರಗಿನಿಂದ ಫೋಟೋ, 40 ನಿಮಿಷ. ಬ್ಲ್ಯಾಕ್ ಫಾರೆಸ್ಟಿನಲ್ಲಿ ಕುಕ್ಕೂ ಗಡಿಯಾರದ ಅಂಗಡಿ. ರಾತ್ರಿ ಜ್ಯೂರಿಕ್ ಹೋಟೆಲ್. ಹುಟ್ಟುಹಬ್ಬ ಇರುವವರಿಗೆ ಕೇಕ್ ಉಚಿತ.” ಆ ನಾಲ್ಕನೇ ದಿನ ಯಾವುದು ಗೊತ್ತಾ? 24ನೇ ತಾರೀಕು, ಗುರುವಾರ. ಅವಳ ನಲವತ್ತನೇ ಹುಟ್ಟುಹಬ್ಬ ಪೂರ್ತಿ ಬಸ್ಸಿನ ಸೀಟಿನಲ್ಲಿ ಕಳೆಯುತ್ತದೆ.

ಭಾವ: ಆಮ್‌ಸ್ಟರ್‌ಡ್ಯಾಮಿನಿಂದ ಕಲೋನ್ ಮೇಲೆ ಜ್ಯೂರಿಕ್ ಅಂದರೆ 800 ಕಿಲೋಮೀಟರ್ ಮೇಲೆ ಆಗುತ್ತದೆ. ಅಲ್ಲಿ ಬಸ್ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ಕೊಡಲೇಬೇಕು, ಕಾನೂನು ಇದೆ. ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಮಾತ್ರ ಓಡಿಸಬಹುದು. ಈ ದಿನದ ನಿಲುಗಡೆಗಳನ್ನು ಆ ಲೆಕ್ಕಕ್ಕೆ ಹೊಂದಿಸಿದ ಹಾಗಿದೆ.

ಪುಟ್ಟ: ಭಾವ, ಒಂದು ದಿನ ಬಸ್ ಅಷ್ಟೇ ಅಲ್ವಾ? ಉಳಿದ ಏಳು ದಿನ ಇದೆಯಲ್ಲ.

ನಾನು: ಸರಿ, ಪ್ಯಾರಿಸ್ ನೋಡೋಣ. ಸೋಮವಾರ ಮತ್ತು ಮಂಗಳವಾರ. ಸೋಮವಾರ ಓರ್ಸೇ ಮ್ಯೂಸಿಯಂ ಮುಚ್ಚಿರುತ್ತದೆ. ಮಂಗಳವಾರ ಲೂವ್ರ್ ಮ್ಯೂಸಿಯಂ ಮುಚ್ಚಿರುತ್ತದೆ, ಒರಾಂಜೆರಿ ಮ್ಯೂಸಿಯಮ್ಮೂ ಮುಚ್ಚಿರುತ್ತದೆ. ಸೋಮವಾರ ಇಳಿದ ದಿನ, ಸಂಜೆ ಹಡಗಿನ ಸುತ್ತು ಬಿಟ್ಟರೆ ಬೇರೆ ಇಲ್ಲ. ಸುಮಾ ವಾಟರ್ ಕಲರ್ ಮಾಡುತ್ತಾಳೆ. ಅವಳ ಫೋನಿನ ವಾಲ್‌ಪೇಪರ್ ಏನು ಅಂತ ನೀನು ನೋಡಿರಬೇಕು. ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯ ನೈದಿಲೆ ಕೊಳ. ಆ ಚಿತ್ರಗಳು ಒರಾಂಜೆರಿಯ ಎರಡು ಮೊಟ್ಟೆಯಾಕಾರದ ಕೋಣೆಗಳಲ್ಲಿ ಗೋಡೆ ತುಂಬ ಇವೆ, ಎಂಟು ದೊಡ್ಡ ಚಿತ್ರ. ಮೊನೆ ಸತ್ತ ಮರುವರ್ಷ, 1927ರಲ್ಲಿ ಜನರಿಗೆ ತೆರೆದದ್ದು. ಪ್ಯಾರಿಸ್‌ವರೆಗೆ ಕರೆದುಕೊಂಡು ಹೋಗಿ ಅದನ್ನು ತೋರಿಸದೇ ಬಸ್ ಹತ್ತಿಸುತ್ತೀಯಾ?

ಅಣ್ಣ: ನೀನು ಯಾವಾಗಲೂ ಹೀಗೇ. ಅವನು ಪ್ರೀತಿಯಿಂದ ಏನೋ ಮಾಡುತ್ತಿದ್ದಾನೆ, ನೀನು ತಪ್ಪು ಹುಡುಕುತ್ತೀಯ. ಗುಂಪಿನಲ್ಲಿ ಹೋದರೆ ಭಾಷೆಯ ಚಿಂತೆ ಇಲ್ಲ, ಲಗೇಜ್ ಹೊರಬೇಕಿಲ್ಲ, ಹುಷಾರು ತಪ್ಪಿದರೆ ನೋಡಿಕೊಳ್ಳೋಕೆ ಒಬ್ಬ ಮ್ಯಾನೇಜರ್ ಇರುತ್ತಾನೆ. ಮೊದಲ ಸಲ ಹೋಗುವವರಿಗೆ ಅದು ಸಣ್ಣ ವಿಷಯ ಅಲ್ಲ.

ನಾನು: ಅಲ್ಲ ಅಣ್ಣ, ಸಣ್ಣ ವಿಷಯ ಅಂತ ನಾನೂ ಹೇಳುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ ನಾನೇ ಗುಂಪಿನಲ್ಲಿ ಹೋಗಿ ಅನ್ನುತ್ತಿದ್ದೆ. ಇದು ಗಂಡ ಹೆಂಡತಿ ಇಬ್ಬರೇ ಹೋಗುವ ಪ್ರವಾಸ. ಅದೂ ಅವಳ ಹುಟ್ಟುಹಬ್ಬಕ್ಕೆ. ಎಂಟು ದಿನ ನಲವತ್ತು ಜನರ ಜೊತೆ, ಬೇರೆಯವರ ಸೀಟಿಯ ಲೆಕ್ಕದಲ್ಲಿ ಓಡಬೇಕು. ಇವರಿಬ್ಬರೂ ಕೂತು ಮಾತಾಡುವುದು ಯಾವಾಗ?

ದೊಡ್ಡಕ್ಕ: ನನಗೆ ಯಾರಾದರೂ ಹೀಗೆ ಹೇಳದೇ ಕರೆದುಕೊಂಡು ಹೋಗಿದ್ದರೆ ನಾನು ಖುಷಿಗೆ ಅತ್ತುಬಿಡುತ್ತಿದ್ದೆ. ಬಸ್ಸೋ ರೈಲೋ ಯಾರು ನೋಡುತ್ತಾರೆ!

ಭಾವ: 🙏

ಪುಟ್ಟ: ಅಕ್ಕಾ, ನಾನು ಯಾಕೆ ಗುಟ್ಟಾಗಿ ಮಾಡುತ್ತಿದ್ದೇನೆ ಅಂತ ಹೇಳುತ್ತೇನೆ, ಕೇಳು. ನಮ್ಮನೆಯಲ್ಲಿ ಎಲ್ಲ ಪ್ಲಾನೂ ಅವಳದೇ. ಮಕ್ಕಳ ರಜೆ, ಟಿಕೆಟ್, ಹೋಟೆಲ್, ಯಾರಿಗೆ ಯಾವ ಮಾತ್ರೆ, ಯಾವ ಬ್ಯಾಗಿನಲ್ಲಿ ಯಾರ ಸ್ವೆಟರ್. ಪ್ರತಿ ಪ್ರವಾಸದಲ್ಲೂ ಮೊದಲ ಎರಡು ದಿನ ಅವಳು ಸುಸ್ತಾಗಿ ಮಲಗಿರುತ್ತಾಳೆ. ಈ ಒಂದು ಸಲ ಅವಳು ಏನೂ ಹುಡುಕಬಾರದು, ಯಾರನ್ನೂ ಕೇಳಬಾರದು. ಸುಮ್ನೆ ಬಂದು ಕೂರಬೇಕು. ಅದಕ್ಕೇ ಎಲ್ಲ ಸೇರಿಸಿದ ಪ್ಯಾಕೇಜ್ ಹಿಡಿದೆ.

ನಾನು: ಇದನ್ನು ಓದಿ ನಿಜವಾಗಿ ಖುಷಿಯಾಯಿತು ಪುಟ್ಟ. ನಿನ್ನ ಆಸೆಯಲ್ಲಿ ಒಂದಿಷ್ಟೂ ತಪ್ಪಿಲ್ಲ. ಆದರೆ ಎರಡು ಬೇರೆ ಬೇರೆ ವಿಷಯ ಸೇರಿಹೋಗಿವೆ. ಫಾರ್ಮ್ ತುಂಬೋದು, ಹೋಟೆಲ್ ಹುಡುಕೋದು, ರೈಲಿನ ಟೈಮ್ ನೋಡೋದು, ಇದು ದುಡಿಮೆ. ಇಷ್ಟು ವರ್ಷ ಅವಳು ಮಾಡಿದ್ದು ಅದನ್ನೇ. ಎಲ್ಲಿಗೆ ಹೋಗೋಣ, ಏನು ನೋಡೋಣ, ಯಾವತ್ತು ತಡವಾಗಿ ಏಳೋಣ ಅಂತ ಯೋಚಿಸುವುದಿದೆಯಲ್ಲ, ಅದು ಸಂತೋಷ. ಟಿಕೆಟ್ ತೆಗೆಯುವ ಮೊದಲೇ ಪ್ರವಾಸ ಅಲ್ಲಿ ಶುರುವಾಗುತ್ತದೆ. ನೀನು ದುಡಿಮೆಯನ್ನು ತೆಗೆದುಕೊ. ಆಯ್ಕೆಯನ್ನು ಅವಳಿಗೆ ಬಿಡು. ಮಕ್ಕಳ ರಜೆಗೆ, ನಮ್ಮೆಲ್ಲರ ಅನುಕೂಲಕ್ಕೆ ಊರು ಆರಿಸಿದ್ದಾಳೆ. ತನಗೆ ಬೇಕಾದ ಊರು ಅಂತ ಒಂದನ್ನಾದರೂ ಆರಿಸಿದ್ದಾಳಾ, ನೀನೇ ಯೋಚನೆ ಮಾಡು.

ಪುಟ್ಟ: ಕೇಳಿದರೆ “ನಿಮಗೆ ಎಲ್ಲಿ ಇಷ್ಟವೋ ಅಲ್ಲಿಗೆ” ಅನ್ನುತ್ತಾಳೆ.

ನಾನು: ಹಾಗಾದರೆ ಇನ್ನೊಂದು ಸಲ ಕೇಳು. ಆ ಉತ್ತರಕ್ಕೆ ಬಿಟ್ಟುಬಿಡಬೇಡ.

ಅಣ್ಣ: ಹೀಗೆ ಕೇಳುತ್ತಾ ಕೂತರೆ ಸೆಪ್ಟೆಂಬರ್ ಬಂದುಬಿಡುತ್ತದೆ. ಅವನೇ ಧೈರ್ಯ ಮಾಡಿ ಒಂದು ನಿರ್ಧಾರ ತೆಗೆದುಕೊಂಡಿದ್ದಾನೆ, ಬಿಡು.

ಭಾವ: ನಿರ್ಧಾರ ಇರಲಿ. ಪುಟ್ಟ, ಏರ್‌ಪೋರ್ಟ್‌ವರೆಗೆ ಗುಟ್ಟು ಹೇಗೆ ಇಡುತ್ತೀಯ? ಇದು ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಫಾರ್ಮಿಗೆ ಅವಳೇ ಸಹಿ ಹಾಕಬೇಕು. ಮೊದಲ ಸಲ ಆದ್ದರಿಂದ ಬೆರಳಚ್ಚು ಕೊಡೋಕೆ ಅವಳೇ ಹೋಗಬೇಕು. ಒಂದು ಸಲ ಕೊಟ್ಟರೆ 59 ತಿಂಗಳು ಮತ್ತೆ ಕೇಳುವುದಿಲ್ಲ, ಆದರೆ ಆ ಮೊದಲ ಸಲ ತಪ್ಪಿಸೋಕೆ ಆಗಲ್ಲ.

ಪುಟ್ಟ: ಅದಕ್ಕೂ ಯೋಚನೆ ಮಾಡಿದ್ದೇನೆ ಭಾವ. ಆಫೀಸಿನ ಮೀಟಿಂಗಿಗೆ ಹೆಂಡತಿಯರನ್ನೂ ಕರೆದಿದ್ದಾರೆ ಅಂತ ಹೇಳುತ್ತೇನೆ.

ನಾನು: ಬೇಡ. ಸುಳ್ಳು ಹೇಳಿ ಅವಳ ಕೈಲಿ ಸರ್ಕಾರಿ ಫಾರ್ಮಿಗೆ ಸಹಿ ಹಾಕಿಸಬೇಡ. ಕೌಂಟರಿನಲ್ಲಿ ಯಾಕೆ ಹೋಗುತ್ತಿದ್ದೀರಿ ಅಂತ ಅವಳನ್ನೇ ಕೇಳಿದರೆ ಅವಳು ಮೀಟಿಂಗ್ ಅನ್ನುತ್ತಾಳೆ, ಕಾಗದದಲ್ಲಿ ಪ್ರವಾಸ ಅಂತ ಇರುತ್ತದೆ. ಪೇಚಿಗೆ ಸಿಕ್ಕಿಹಾಕಿಕೊಳ್ಳುವವಳು ಅವಳು.

ದೊಡ್ಡಕ್ಕ: ಇದು ಮಾತ್ರ ನಿಜ. ನನಗೂ ಸರಿ ಅನ್ನಿಸಲಿಲ್ಲ.

ಭಾವ: ಪಿಡಿಎಫ್ ಕೊನೇ ಪುಟ ಯಾರಾದರೂ ನೋಡಿದಿರಾ? ಸಣ್ಣ ಅಕ್ಷರದಲ್ಲಿದೆ. ವೀಸಾ ಸಿಗದಿದ್ದರೂ ಮುಂಗಡ ವಾಪಸ್ ಇಲ್ಲ. ಹೆಸರು ಬದಲಾವಣೆ ಇಲ್ಲ. ಕನಿಷ್ಠ ಜನ ಸೇರದಿದ್ದರೆ ತಾರೀಕು ಬದಲಾಯಿಸುವ ಹಕ್ಕು ಅವರದು. ಅಂದರೆ 24ನೇ ತಾರೀಕೇ ಆಚೆ ಈಚೆ ಆಗಬಹುದು.

ಅಣ್ಣ: ಎಲ್ಲ ಕಂಪನಿಯವರೂ ಹೀಗೆ ಬರೆದಿರುತ್ತಾರೆ.

ಭಾವ: ಇರಬಹುದು. ಹುಟ್ಟುಹಬ್ಬದ ತಾರೀಕು ಬದಲಾಯಿಸೋಕೆ ಆಗಲ್ಲವಲ್ಲ, ಅದಕ್ಕೆ ಹೇಳಿದೆ. ಇನ್ನೊಂದು ವಿಷಯ. ಸುಮಾ ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆ?

ಪುಟ್ಟ: ಇದೇ ವರ್ಷ ನವೆಂಬರ್ 9. ನಾವು ಸೆಪ್ಟೆಂಬರಿಗೇ ವಾಪಸ್ ಬಂದಿರುತ್ತೇವೆ.

ಭಾವ: ಸಾಲದು. ಅಲ್ಲಿಂದ ಹೊರಟ ದಿನದ ನಂತರ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು. 28ಕ್ಕೆ ಹೊರಟರೆ ಡಿಸೆಂಬರ್ ಕೊನೆಯವರೆಗೂ ಬೇಕು. ಈ ಪಾಸ್‌ಪೋರ್ಟಿಗೆ ವೀಸಾ ಸಿಗಲ್ಲ. ಮೊದಲು ಹೊಸದು ಮಾಡಿಸಬೇಕು.

ಪುಟ್ಟ: ಅಯ್ಯೋ.

ಪುಟ್ಟ: ಪ್ಯಾಕೇಜಿನವರು ಎರಡೂ ಪಾಸ್‌ಪೋರ್ಟಿನ ಫೋಟೋ ತೆಗೆದುಕೊಂಡರು. ಏನೂ ಹೇಳಲಿಲ್ಲ.

ದೊಡ್ಡಕ್ಕ: ನಾಳೆ ಮುಂಗಡ ಕಟ್ಟಬೇಡ ಪುಟ್ಟ. ದಯವಿಟ್ಟು.

ನಾನು: ಗಾಬರಿಯಾಗಬೇಡ. ಈಗಿನ್ನೂ ಜೂನ್ ಮೊದಲ ವಾರ. ಷೆಂಗೆನ್ ವೀಸಾಕ್ಕೆ ಹೊರಡುವ 6 ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು, ತೀರಾ ತಡ ಅಂದರೆ 15 ದಿನ ಮುಂಚೆ. ಸಾಮಾನ್ಯವಾಗಿ 15 ದಿನದಲ್ಲಿ ಉತ್ತರ ಬರುತ್ತದೆ, ಕೆಲವೊಮ್ಮೆ 45 ದಿನವೂ ಹಿಡಿಯಬಹುದು. ಪಾಸ್‌ಪೋರ್ಟ್ ಬೇಗ ಬಂದರೆ ಎಲ್ಲ ಸಲೀಸಾಗಿ ಆಗುತ್ತದೆ. ಆದರೆ ಪಾಸ್‌ಪೋರ್ಟಿಗೂ ಅವಳೇ ಹೋಗಬೇಕು. ಹಾಗಾಗಿ ಇವತ್ತೇ ಹೇಳಿಬಿಡು. “ನಿನ್ನ ನಲವತ್ತಕ್ಕೆ ಹೊರಗೆ ಹೋಗೋಣ, ದುಡ್ಡು ಇಷ್ಟು ಎತ್ತಿಟ್ಟಿದ್ದೇನೆ, ದಿನ ಇಷ್ಟು ಇದೆ, ಊರು ನೀನು ಹೇಳು, ಉಳಿದದ್ದು ಪೂರ್ತಿ ನನ್ನ ಕೆಲಸ” ಅಂತ ಹೇಳು. ಇದಕ್ಕಿಂತ ದೊಡ್ಡ ಸರ್‌ಪ್ರೈಸ್ ಬೇಕಾ ಅವಳಿಗೆ?

ಪುಟ್ಟ: ಅವಳು ಏನೂ ಹೇಳದಿದ್ದರೆ?

ನಾನು: ಖಾಲಿ ಹಾಳೆ ಮುಂದಿಟ್ಟು ಕೇಳಿದರೆ ಯಾರೂ ಹೇಳಲ್ಲ. ಒಂದು ದಿನ ಬಿಡಿಸಿ ತೋರಿಸು. ಉದಾಹರಣೆಗೆ 24ನೇ ತಾರೀಕು ಹೀಗಿರಬಹುದು. ಬೆಳಿಗ್ಗೆ ಪ್ಯಾರಿಸಿನ ಸೇಂಟ್ ಲಜಾರ್ ಸ್ಟೇಷನ್ನಿನಿಂದ ವೆರ್ನೋನಿಗೆ ರೈಲು, ಒಂದು ಗಂಟೆಯೊಳಗೆ ಇಳಿಯಬಹುದು. ಅಲ್ಲಿಂದ ಶಟಲ್ ಬಸ್ಸಿನಲ್ಲಿ ಗಿವೆರ್ನಿ. ಮೊನೆ 1883ರಿಂದ ಸಾಯುವವರೆಗೆ ಇದ್ದ ಮನೆ, ಅವನೇ ತೋಡಿಸಿದ ಕೊಳ, ಹಸಿರು ಸೇತುವೆ. ಏಪ್ರಿಲ್‌ನಿಂದ ನವೆಂಬರ್ 1ರವರೆಗೆ ತೆರೆದಿರುತ್ತದೆ. ಅವಳು ಸ್ಕೆಚ್ ಪುಸ್ತಕ ತೆಗೆದುಕೊಂಡು ಹೋಗಲಿ. ಮಧ್ಯಾಹ್ನ ವಾಪಸ್ ಬಂದು ಸ್ವಲ್ಪ ಮಲಗಿ. ಗುರುವಾರ ಓರ್ಸೇ ರಾತ್ರಿ 9.45ರವರೆಗೂ ತೆರೆದಿರುತ್ತದೆ, ಸಂಜೆ ಅಲ್ಲಿಗೆ. ಹಿಂದಿನ ದಿನ ಬುಧವಾರ, ಒರಾಂಜೆರಿ ತೆರೆದಿರುತ್ತದೆ. ಇದು ನನ್ನ ಊಹೆ ಅಷ್ಟೇ. ಅವಳು “ಚಿತ್ರ ಬೇಡ, ಬೆಟ್ಟ ಬೇಕು” ಅಂದರೆ ಇದನ್ನು ಅಲ್ಲೇ ಬಿಟ್ಟು ಬೆಟ್ಟ ಹುಡುಕು.

ಅಣ್ಣ: ಬೆಟ್ಟ ಬೇಕು ಅಂತಲೇ ಹೇಳುತ್ತಾಳೆ ನೋಡು. ಯುರೋಪಿಗೆ ಹೋಗಿ ಸ್ವಿಸ್ ನೋಡದೇ ಬರುತ್ತಾರಾ ಯಾರಾದರೂ?

ಭಾವ: ಪ್ಯಾರಿಸಿನಿಂದ ಜ್ಯೂರಿಕ್‌ಗೆ ನೇರ ರೈಲಿದೆ, ಸುಮಾರು ನಾಲ್ಕು ಗಂಟೆ. ಐದು ರಾತ್ರಿ ಪ್ಯಾರಿಸ್, ಎರಡು ರಾತ್ರಿ ಅಲ್ಲಿ ಅಂದರೂ ಆರಾಮ. ಹಾಗೆ ಮಾಡಿದರೆ ವೀಸಾ ಫ್ರಾನ್ಸಿನವರ ಹತ್ತಿರ ಕೇಳಬೇಕು, ಜಾಸ್ತಿ ದಿನ ಎಲ್ಲಿ ಇರುತ್ತೀವೋ ಆ ದೇಶಕ್ಕೇ ಅರ್ಜಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ವಿಮಾನ ಎರಡು ಹತ್ತಬೇಕಾದರೆ ಎರಡೂ ಒಂದೇ ಬುಕಿಂಗಿನಲ್ಲಿ ತಗೋ. ಮೊದಲನೆಯದು ತಡವಾದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ಅವರದಾಗಿರುತ್ತದೆ.

ದೊಡ್ಡಕ್ಕ: ಇಬ್ಬರೇ ಹೋಗಿ ಏನಾದರೂ ಹೆಚ್ಚುಕಮ್ಮಿ ಆದರೆ? ನನಗೆ ಅದೇ ಭಯ.

ಭಾವ: ಅಲ್ಲಿ ಪೊಲೀಸ್, ಆಂಬುಲೆನ್ಸ್, ಬೆಂಕಿ ಎಲ್ಲಕ್ಕೂ 112. ಯುರೋಪಿಯನ್ ಒಕ್ಕೂಟದ ಯಾವ ದೇಶದಲ್ಲಿದ್ದರೂ ಅದೇ ನಂಬರ್, ಸ್ವಿಸ್‌ನಲ್ಲೂ ನಡೆಯುತ್ತದೆ. ವಿಮೆಯವರ ನಂಬರ್ ಇಬ್ಬರ ಫೋನಿನಲ್ಲೂ ಇರಲಿ.

ಅಣ್ಣ: ನನಗೆ ಇನ್ನೂ ಗುಂಪೇ ಸರಿ ಅನ್ನಿಸುತ್ತದೆ. ಬುಕಿಂಗ್, ರೈಲು, ಹೋಟೆಲ್, ಎಲ್ಲ ಇವನೊಬ್ಬನ ತಲೆ ಮೇಲೆ. ಇವನು ಟಿಕೆಟ್ ಪ್ರಿಂಟ್ ಕೂಡ ಸುಮಾಳ ಕೈಲೇ ತೆಗೆಸುವವನು.

ನಾನು: ಕಲಿಯುತ್ತಾನೆ ಅಣ್ಣ. ಮೂರೂವರೆ ತಿಂಗಳು ಇದೆ. ರೈಲು, ಹೋಟೆಲ್ ನಾನು ಪಕ್ಕದಲ್ಲಿ ಕೂತು ತೋರಿಸುತ್ತೇನೆ, ಬಟನ್ ಒತ್ತುವುದು ಅವನೇ. ಪುಟ್ಟ, ಒಂದು ಸಣ್ಣ ಗುಟ್ಟು ಬೇಕಿದ್ದರೆ ಉಳಿಸಿಕೊ. 24ರ ಸಂಜೆಗೆ ಏನಾದರೂ. ಅದನ್ನು ಈ ಗುಂಪಿನಲ್ಲೂ ಹೇಳಬೇಡ.

ಪುಟ್ಟ: ಸರಿ. ಮುಂಗಡ ಕಟ್ಟುವುದಿಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಹೇಳುತ್ತೇನೆ. ಭಾವ, ಪಾಸ್‌ಪೋರ್ಟಿಗೆ ಹಳೆಯದರ ಜೊತೆ ಇನ್ನೇನು ಬೇಕು ಅಂತ ಒಂದು ಪಟ್ಟಿ ಕಳಿಸುತ್ತೀರಾ? ಫಾರ್ಮ್ ನಾನೇ ತುಂಬುತ್ತೇನೆ.

ಭಾವ: ಹತ್ತು ನಿಮಿಷ ಕೊಡು, ಕಳಿಸುತ್ತೇನೆ.

ದೊಡ್ಡಕ್ಕ: ಹೇಳಿದ ಮೇಲೆ ಅವಳನ್ನೂ ಈ ಗುಂಪಿಗೆ ಸೇರಿಸು. ಹೆಸರು ಮಾತ್ರ ಮೊದಲೇ ಬದಲಾಯಿಸು.