ಸುಕೆಸಾದ ಹೆಸರಿನ ವಾಕಿಜಾಶಿ: ಕೊಳ್ಳಬಹುದೇ? ಹಿಡಿಯೊಳಗಿನ ತುಕ್ಕು ತೆಗೆಯಬೇಕೇ?

ನಗೋಯಾದ ಕೊಡಗಿನವನು ಕೇಳಿದ್ದು:

ಬಲ್ಲವರು ದಯವಿಟ್ಟು ತಿಳಿಸಬೇಕು. ನಗೋಯಾದ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಒಂದು ವಾಕಿಜಾಶಿ, ಅಂದರೆ ಜಪಾನಿನ ಗಿಡ್ಡ ಕತ್ತಿ, ನೋಡಿದೆ. ಅಲಗು 46 ಸೆಂ.ಮೀ. ಉದ್ದ, ಒರೆ ಬಣ್ಣವಿಲ್ಲದ ಸಾದಾ ಮರದ್ದು. ಅಂಗಡಿಯವರು ಹಿಡಿ ಬಿಚ್ಚಿ ತೋರಿಸಿದರು. ಒಂದು ಮಗ್ಗುಲಲ್ಲಿ ‘ಬಿಶು ಒಸಾಫುನೆ ಸುಕೆಸಾದ’, ಇನ್ನೊಂದರಲ್ಲಿ ಎಯ್‌ರೊಕು ಕಾಲದ ಎರಡನೆಯ ತಿಂಗಳು ಎಂದು ಕೆತ್ತಿದೆಯಂತೆ. ಬೆಲೆ 2,20,000 ಯೆನ್. ಸರ್ಕಾರಿ ನೋಂದಣಿ ಪತ್ರವಿದೆ, ತಜ್ಞರ ಪ್ರಮಾಣಪತ್ರವಿಲ್ಲ.

ಹಿಡಿಯೊಳಗೆ ಕೂರುವ ಭಾಗವೆಲ್ಲ ಕಪ್ಪು ತುಕ್ಕು. ನಮ್ಮ ಐನ್‌ಮನೆಯಲ್ಲಿ ಕೈಲ್‌ಪೊಳ್ದ್ ಬಂತೆಂದರೆ ಪೀಚೆಕತ್ತಿ, ಒಡಿಕತ್ತಿಗಳನ್ನು ತಿಕ್ಕಿ ಫಳಫಳಿಸಿಯೇ ಪೂಜೆಗೆ ಇಡುವುದು. ಇದನ್ನೂ ಹಾಗೆಯೇ ಶುಚಿ ಮಾಡಬಹುದೇ? ಇನ್ನಷ್ಟು ಹಣ ಕೂಡಿಸಿ ಉದ್ದನೆಯ ಕತ್ತಿಯನ್ನೇ ಕೊಳ್ಳುವುದು ಒಳ್ಳೆಯದೇ?

ಒಕಾಯಾಮಾದ ಹಿರಿಯರೊಬ್ಬರ ಉತ್ತರ:

ಆ ತುಕ್ಕನ್ನು ಮುಟ್ಟಬೇಡಿ. ಬಟ್ಟೆ, ಹುಣಸೆಹಣ್ಣು, ಉಪ್ಪುಕಾಗದ ಯಾವುದೂ ಬೇಡ. ಹಿಡಿಯೊಳಗಿನ ಆ ಭಾಗ, ಅಂದರೆ ನಕಾಗೊ, ಕತ್ತಿಯ ಜಾತಕ. ಎಷ್ಟು ಹಳೆಯದು, ಎಲ್ಲಿಯದು, ಹೆಸರು ನಿಜವೋ ಸುಳ್ಳೋ ಎನ್ನುವುದನ್ನೆಲ್ಲ ಬಲ್ಲವರು ಮೊದಲು ಓದುವುದು ಅಲ್ಲಿಯೇ. ಒಮ್ಮೆ ತಿಕ್ಕಿದರೆ ನಾಲ್ಕು ಶತಮಾನಗಳ ಸಾಕ್ಷಿ ಹೋಯಿತು, ಅದರೊಂದಿಗೆ ಬೆಲೆಯ ಬಹುಪಾಲೂ ಹೋಯಿತು. ನಾನು ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ತುಕ್ಕನ್ನು ಕಂಡರೆ ಕೆರಳುವುದೇ ನನ್ನ ವೃತ್ತಿಯಾಗಿತ್ತು. ಆದರೂ ಹಳೆಯ ನಕಾಗೊದ ತುಕ್ಕಿನಷ್ಟು ಚೆಲುವಾದದ್ದನ್ನು ನಾನು ಕಡಿಮೆ ನೋಡಿದ್ದೇನೆ.

ಮತ್ತೆ ಹೋದಾಗ ಅನುಮತಿ ಕೇಳಿ, ಒಂದು ಭೂತಗನ್ನಡಿ ಹಿಡಿದು ನೋಡಿ. ತುಕ್ಕು ನುಣುಪಾಗಿ, ಕಂದುಗಪ್ಪಾಗಿ, ಉಕ್ಕಿನೊಳಗೇ ಇಳಿದಂತೆ ಇರಬೇಕು. ಪುಡಿಪುಡಿಯಾಗಿ ಉದುರುವ ಕೆಂಪು ತುಕ್ಕು ಇತ್ತೀಚಿನದು. ಬಳಿಕ ಕೆತ್ತಿದ ಅಕ್ಷರಗಳ ತಳ ನೋಡಿ. ಉಳಿಯ ಗೆರೆಯೊಳಗೂ ಸುತ್ತಲಿನಷ್ಟೇ ಮುಪ್ಪು ಇದ್ದರೆ ಸಮಾಧಾನ. ಗೆರೆಯ ಅಂಚು ಹರಿತವಾಗಿ, ಒಳಗೆ ಹೊಸ ಉಕ್ಕು ಇಣುಕಿದರೆ ಹೆಸರನ್ನು ಆಮೇಲೆ ಯಾರೋ ಕೆತ್ತಿದ್ದಾರೆ ಎಂದು ಅನುಮಾನಿಸಬೇಕು. ಮೆಕುಗಿ ಎಂಬ ಬಿದಿರಿನ ಮೊಳೆ ಕೂರುವ ರಂಧ್ರ ಒಂದೇ ಇದೆಯೋ ಎರಡಿವೆಯೋ ಎಣಿಸಿ. ಎರಡಿದ್ದರೆ ಉದ್ದದ ಕತ್ತಿಯನ್ನು ಬುಡದಿಂದ ಮೊಟಕುಗೊಳಿಸಿರಬಹುದು.

ಇನ್ನು ಹೆಸರಿನ ವಿಷಯ. ಬಿಶು ಎಂದರೆ ಬಿಜೆನ್ ಎಂಬ ಹಳೆಯ ಪ್ರಾಂತದ ಚಿಕ್ಕ ಹೆಸರು. ಒಸಾಫುನೆ ಅಲ್ಲಿಯದು, ಈಗಿನ ನಮ್ಮ ಒಕಾಯಾಮಾ ಸೀಮೆಯದೇ, ಯೋಶಿಯಿ ನದಿಯ ದಡದ ಊರು. ಸುಕೆಸಾದ ಎನ್ನುವುದು ಒಬ್ಬನ ಹೆಸರಲ್ಲ, ಹತ್ತಾರು ಕಮ್ಮಾರರು ಆ ಹೆಸರನ್ನು ಕೆತ್ತಿದ್ದಾರೆ. ಎಯ್‌ರೊಕು ಎಂದರೆ 1558ರಿಂದ 1570, ನಾಡೆಲ್ಲ ಯುದ್ಧದಲ್ಲಿದ್ದ ಕಾಲ. ಕತ್ತಿಗಳನ್ನು ರಾಶಿಗಟ್ಟಲೆ ಮಾಡಿ ಕೊಡಬೇಕಿತ್ತು. ಆಗ ‘ಬಿಶು ಒಸಾಫುನೆ ಸುಕೆಸಾದ’ ಎಂಬ ಚಿಕ್ಕ ಹೆಸರನ್ನು ಸಾಮಾನ್ಯವಾಗಿ ಇಂಥ ರಾಶಿ ಕೆಲಸಕ್ಕೆ ಹಾಕುತ್ತಿದ್ದರು. ಯಾರೋ ಹೇಳಿ ಮಾಡಿಸಿದ ಕತ್ತಿಯಾದರೆ ಪ್ರಾಂತದ ಪೂರ್ಣ ಹೆಸರು, ಊರು, ಕಮ್ಮಾರನ ಸ್ವಂತ ಹೆಸರು ಸೇರಿದ ಉದ್ದನೆಯ ಬರಹ ಇರುತ್ತದೆ. ‘ಎರಡನೆಯ ತಿಂಗಳು’ ಎಂಬುದನ್ನು ಹುಟ್ಟುದಿನವೆಂದು ತಿಳಿಯಬೇಡಿ. ಬಿಜೆನ್ ಕಮ್ಮಾರರು ಹೆಚ್ಚಾಗಿ ಎರಡನೆಯ ಇಲ್ಲವೇ ಎಂಟನೆಯ ತಿಂಗಳನ್ನೇ ಕೆತ್ತುವುದು ವಾಡಿಕೆ. ರಾಶಿ ಕೆಲಸವೆಂದ ಮಾತ್ರಕ್ಕೆ ತೆಗೆದುಹಾಕುವಂಥದ್ದಲ್ಲ. ಅದರಲ್ಲೂ ಒಳ್ಳೆಯ ಕೈ ಕಾಣಸಿಗುತ್ತದೆ.

ಉದ್ದದ ಕತ್ತಿಯ ಆಸೆ ಸದ್ಯಕ್ಕೆ ಬಿಡಿ. ಒಂದರಿಂದ ಎರಡು ಶಾಕುವಿನ, ಅಂದರೆ ಸುಮಾರು 30ರಿಂದ 60 ಸೆಂ.ಮೀ. ನಡುವಿನ ಅಲಗು ವಾಕಿಜಾಶಿ. ಸಮುರಾಯಿ ಇನ್ನೊಬ್ಬರ ಮನೆಗೆ ಹೋದಾಗ ಉದ್ದದ ಕತ್ತಿಯನ್ನು ಬಾಗಿಲಲ್ಲಿ ಕಳಚಿಡುತ್ತಿದ್ದ, ಗಿಡ್ಡದ್ದು ಸೊಂಟದಲ್ಲೇ ಇರುತ್ತಿತ್ತು. ಎದೊ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ವ್ಯಾಪಾರಿಗಳೂ ಇದನ್ನು ಧರಿಸಬಹುದಿತ್ತು. ಹಣವಿದ್ದ ಆ ಜನ ಒಳ್ಳೊಳ್ಳೆಯ ಕಮ್ಮಾರರಿಂದ ಮಾಡಿಸಿಕೊಂಡರು. ಅದೇ ಗುಣಮಟ್ಟದ ಉದ್ದದ ಕತ್ತಿಗೆ ಹೋಲಿಸಿದರೆ ಇಂದು ಇದರ ಬೆಲೆ ಬಹಳ ಕಡಿಮೆ. ಸಂಬಳದವರು ಕೈಹಾಕಲು ಇದೇ ಸರಿಯಾದದ್ದು.

ತೋಕಿಯೋದಿಂದ ಒಬ್ಬ ಸಹೋದರಿ:

ಹಿರಿಯರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಅಲಗನ್ನು ಒಂದೇ ಬಲ್ಬಿನ ಕೆಳಗೆ ಓರೆಯಾಗಿ ಹಿಡಿದು, ಬಾಯಿಯ ಉದ್ದಕ್ಕೂ ಬೆಳಕು ಹರಿಸಿ ನೋಡಿ. ಹದ ಕೊಟ್ಟ ಬಿಳಿ ಅಂಚು, ಅಂದರೆ ಹಾಮೊನ್, ಬುಡದಿಂದ ತುದಿಯವರೆಗೆ ಎಲ್ಲಿಯೂ ತುಂಡಾಗಬಾರದು. ಬಾಯಿಗೆ ಅಡ್ಡಲಾಗಿ ಕೂದಲೆಳೆಯಂಥ ಬಿರುಕು ಕಂಡರೆ ಅಲ್ಲಿಗೇ ಬಿಟ್ಟು ಬನ್ನಿ. ಅದಕ್ಕೆ ಮದ್ದಿಲ್ಲ.

ಸಾಣೆಯ ಖರ್ಚನ್ನೂ ಲೆಕ್ಕ ಹಾಕಿ. ಸುಮಾರು 3 ಸೆಂ.ಮೀ. ಆಗುವ ಒಂದು ಸುನ್‌ಗೆ ಇಷ್ಟು ಎಂದು ಸಾಣೆಗಾರರು ಕೇಳುತ್ತಾರೆ, ಅದು 10,000 ಯೆನ್ ದಾಟುವುದು ಸಾಮಾನ್ಯ. ನಿಮ್ಮ ಅಲಗಿಗೆ 15 ಸುನ್ ಹಿಡಿಯಿರಿ. ಆದ್ದರಿಂದ ಸಾಣೆ ಚೆನ್ನಾಗಿರುವುದನ್ನೇ ಕೊಳ್ಳುವುದು ಜಾಣತನ. ರ್‍ಯೋಗೊಕುವಿನ ಖಡ್ಗ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಬನ್ನಿ. ಅದನ್ನು ನಡೆಸುವ ಸಂಘವೇ ಪರಿಶೀಲನೆ ಮಾಡಿ ಪ್ರಮಾಣಪತ್ರ ಕೊಡುವುದು. ಸುಳ್ಳು ಹೆಸರು ಕೆತ್ತಿದ ಅಲಗಿಗೆ ಅವರು ಪತ್ರ ಕೊಡುವುದಿಲ್ಲ.

ಕೇಳಿದವನು ಮತ್ತೆ:

ಇಬ್ಬರಿಗೂ ಕೈಮುಗಿದು ವಂದನೆ. ನಿನ್ನೆ ಹೋಗಿ ನೋಡಿದೆ. ರಂಧ್ರ ಒಂದೇ. ಅಕ್ಷರಗಳ ತಳವೂ ಕಪ್ಪಾಗಿದೆ. ಬಿರುಕು ಕಾಣಲಿಲ್ಲ, ಹಾಮೊನ್ ತುದಿಯಲ್ಲಿ ದುಂಡಗೆ ಹಿಂದಕ್ಕೆ ತಿರುಗುತ್ತದೆ. ಮುಂದೆ ಊರಿಗೆ ಒಯ್ಯಬಹುದೇ?

ಒಕಾಯಾಮಾದ ಹಿರಿಯರು:

ಒಳ್ಳೆಯ ಲಕ್ಷಣಗಳೇ. ನೋಂದಣಿ ಪತ್ರದಲ್ಲಿರುವ ಉದ್ದ, ರಂಧ್ರಗಳ ಸಂಖ್ಯೆ, ಬರಹ ಮೂರನ್ನೂ ಕತ್ತಿಯೊಂದಿಗೆ ತಾಳೆ ನೋಡಿ. ಹೊಂದದಿದ್ದರೆ ಕೊಳ್ಳಬೇಡಿ. ಕೊಂಡ 20 ದಿನಗಳೊಳಗೆ ಆ ಪತ್ರ ಕೊಟ್ಟ ಪ್ರಾಂತದ ಶಿಕ್ಷಣ ಮಂಡಳಿಗೆ ಮಾಲೀಕರು ಬದಲಾದ ವಿಷಯ ತಿಳಿಸಬೇಕು.

ಜಪಾನಿನಿಂದ ಹೊರಗೆ ಒಯ್ಯಲು ಇಲ್ಲಿನ ಸಂಸ್ಕೃತಿ ಇಲಾಖೆಯ ಅನುಮತಿ ಬೇಕು. ಭಾರತದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಆಯುಧ ಆಮದಿಗೆ ಪರವಾನಗಿ ಬೇಕು. ಮನೆತನದ ಕೋವಿಗೆ ಕೊಡವರಿಗಿರುವ ವಿನಾಯಿತಿಯನ್ನು ನಂಬಿಕೊಂಡು ಹೊರಡಬೇಡಿ, ಮೊದಲೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಅಲ್ಲಿಯವರೆಗೆ ಅಲಗಿಗೆ ತೆಳುವಾಗಿ ಎಣ್ಣೆ ಸವರಿ, ಬರಿಗೈ ತಾಗಿಸದೆ, ಒಣ ಜಾಗದಲ್ಲಿ ಮಲಗಿಸಿಡಿ. ನಗೋಯಾದ ಮಳೆಗಾಲದಲ್ಲಿ ಆಗಾಗ ತೆಗೆದು ನೋಡುತ್ತಿರಿ.