ಡಿಸ್ಟೋಪಿಯನ್ ಕಾದಂಬರಿ ಮೊದ್ಲ ಸಲ ಓದೋರು ಯಾವ್ದ್ರಿಂದ ಶುರು ಮಾಡ್ಬೇಕ್ರಿ?

ಸಿಂಧನೂರಿನಿಂದ:
ನಮಸ್ಕಾರ್ರಿ ಎಲ್ಲಾರಿಗೂ. ಬಿಎಡ್ ಮಾಡ್ಲಾಕತ್ತೀನಿ. ಕನ್ನಡ ಕಾದಂಬರಿ ಸಾಕಷ್ಟು ಓದೀನಿ, ಇಂಗ್ಲಿಷೂ ಓದ್ತೀನಿ ಆದ್ರ ನಿಧಾನ. ಈ ಡಿಸ್ಟೋಪಿಯನ್ ಅಂತಾರಲ್ಲ, ಸರ್ಕಾರನೋ ಕಂಪನಿನೋ ಮಂದೀನ ಪೂರಾ ಮುಷ್ಟಿಯಾಗ ಇಟ್ಕೊಂಡಿರೋ ಕೆಟ್ಟ ಕಾಲದ ಕಥಿ, ಅಂಥವು ಒಂದೂ ಓದಿಲ್ಲ. ಹಂಗರ್ ಗೇಮ್ಸ್ ಸಿನಿಮಾ ನೋಡಿದ ಮ್ಯಾಲೆ ಓದ್ಬೇಕು ಅನಿಸೇದ. ಓದಿದೋರು ನಿಮ್ಮ ಅನುಭವ ಹೇಳ್ರಿ.

ಬಳ್ಳಾರಿಯಿಂದ:
1984. ಬ್ಯಾರೆ ಮಾತೇ ಇಲ್ಲ. ಜಾರ್ಜ್ ಆರ್ವೆಲ್‌ದು, 1949ರಾಗ ಬಂದಿದ್ದು. ಮನಿ ಗ್ವಾಡಿ ಮ್ಯಾಲಿನ ಟಿವಿನೇ ನಿನ್ನ ನೋಡ್ತಿರುತ್ತೆ, ಹೀರೋನ ನೌಕ್ರಿ ಏನಪ್ಪಾ ಅಂದ್ರೆ ಹಳೇ ಪೇಪರ್‌ನಾಗಿನ ಸುದ್ದೀನ ತಿದ್ದಿ ತಿದ್ದಿ ಸರ್ಕಾರ ಇವತ್ತು ಹೇಳಿದ್ದೇ ಅವತ್ತೂ ಹೇಳಿತ್ತು ಅಂತ ಮಾಡೋದು. ಆಮೇಲೆ ಬಂದೋರೆಲ್ಲಾ ಇವನ ಹತ್ರ ಸಾಲ ತಗಂಡೋರೇ, ಮೂಲ ಬಿಟ್ಟು ಕೊಂಬಿ ಹಿಡಿದ್ರೆ ಏನ್ ಉಪಯೋಗ ತಮ್ಮ.

ಮಾನ್ವಿಯಿಂದ:
ಬಳ್ಳಾರಿ ಅಣ್ಣಾರ, ಸಾಲದ ಲೆಕ್ಕ ತೆಗದ್ರ ಆರ್ವೆಲ್ಲೂ ಸಾಲ ತಗೊಂಡೋನೇ. ರಷ್ಯಾದ ಜಮ್ಯಾಟಿನ್ ಅನ್ನೋರು 'ವಿ' ಅಂತ ಬರ್ದಿದ್ರಲ್ಲ, ಗಾಜಿನ ಮನಿಯೊಳಗ ಇರೋ ಮಂದಿ, ಹೆಸ್ರಿನ ಬದ್ಲಿ ನಂಬರ್, ಅದು ಇಂಗ್ಲಿಷಿಗೆ ಬಂದಿದ್ದು 1924ಕ್ಕ, ಆರ್ವೆಲ್ ಅದನ್ನ ಓದಿ 1946ರಾಗ ಅದರ ಮ್ಯಾಲೆ ಲೇಖನಾನೂ ಬರ್ದಾನ. ಇರ್ಲಿ ಬಿಡ್ರಿ.

ನನ್ನ ತಕರಾರು ಬ್ಯಾರೇ ಅದ. 1984 ದೊಡ್ಡ ಪುಸ್ತಕ ಅನ್ನೋದ್ರಾಗ ಎರಡು ಮಾತಿಲ್ಲ, ಆದ್ರ ಹೊಸಬ್ರಿಗೆ ಅದನ್ನೇ ಮೊದ್ಲು ಕೊಟ್ರ ನಡುವ ನಿಂತ್‌ಬಿಡ್ತಾರ. ನಮ್ಮ ಹುಡುಗ್ರಿಗೆ ಕೊಟ್ಟು ನೋಡೀನಿ, ಎರಡನೇ ಭಾಗದಾಗ ಆ ಸರ್ಕಾರದ ವೈರಿ ಗೋಲ್ಡ್‌ಸ್ಟೈನ್ ಬರ್ದಿದ್ದು ಅಂತ ಹಾಳಿಗಟ್ಲೆ ರಾಜಕೀಯ ಪಾಠ ಬರ್ತದಲ್ಲ, ಅಲ್ಲೇ ಹಾಳಿ ಮಡಚಿಟ್ಟು ವಾಪಸ್ ತಂದು ಕೊಡ್ತಾರ.

ನಾ ಹೊಸಬ್ರಿಗೆ ಕೇಳೋದು ಒಂದೇ. ಈ ಕಾದಂಬರಿಗಳೊಳಗ ಮಂದಿ ಕೈಯಿಂದ ಏನರೆ ಒಂದು ಕಸ್ಕೊಂಡಿರ್ತಾರ, ಒಂದ್ರಾಗ ಪುಸ್ತಕ, ಒಂದ್ರಾಗ ಮೈ, ಒಂದ್ರಾಗ ನೆನಪು, ಒಂದ್ರಾಗ ನೀರು. ಯಾವ್ದು ಕಸ್ಕೊಂಡ್ರ ನಿನ್ನ ಜೀವ ಚುರ್ ಅಂತದ? ಅಲ್ಲಿಂದ ಶುರು ಮಾಡು. ಯಾವ್ದು ಶ್ರೇಷ್ಠ ಅನ್ನೋ ಲಿಸ್ಟ್ ಆಮ್ಯಾಲೆ.

ನೀ ಮಾಸ್ತರ್ ಆಗಾಂವ, ಅದಕ್ಕ ನಿನಗ ಪುಸ್ತಕ ಸುಡೋ ಕಥಿ. ರೇ ಬ್ರ್ಯಾಡ್‌ಬರಿ ಬರ್ದಿದ್ದು ಫ್ಯಾರನ್‌ಹೀಟ್ 451, 1953ರದ್ದು. ಇದ್ರಾಗ ಫೈರ್ ಬ್ರಿಗೇಡ್‌ನೋರು ಬೆಂಕಿ ಆರ್ಸಂಗಿಲ್ಲ, ಹಚ್ಚೋರು, ಯಾರ ಮನ್ಯಾಗ ಪುಸ್ತಕ ಸಿಕ್ರೂ ಸುಡೋದು. ಮಾಂಟಾಗ್ ಅಂತ ಅಂಥಾ ಒಬ್ಬ ನೌಕರ. ಅವನ ಹೇಂತಿ ಕಿವ್ಯಾಗ ಯಾವಾಗ್ಲೂ ಸಣ್ಣ ರೇಡಿಯೋ ಸಿಗಿಸ್ಕೊಂಡೇ ಇರ್ತಾಳ, ಮೂರು ಗ್ವಾಡಿ ತುಂಬ ಟಿವಿ, ನಾಕನೇ ಗ್ವಾಡಿಗೂ ಬೇಕು ಅಂತ ಹಟ. ಇಯರ್‌ಫೋನ್ ಕಾಲದಾಗ ಕುಂತು ಇದನ್ನ ಓದೋವಾಗ ನಗು ಬರ್ತದ, ಆಮ್ಯಾಲೆ ಬರಂಗಿಲ್ಲ. ಅದಕ್ಕಿಂತ ಗಟ್ಟಿ ಮಾತು ಏನಂದ್ರ ಇದು ಬರೇ ಮ್ಯಾಲಿನೋರು ಮಾಡಿದ ಬ್ಯಾನ್ ಅಲ್ಲ, ಮಂದೀನೇ ಮೊದ್ಲು ಓದೋದು ಬಿಟ್ರು, ಸರ್ಕಾರ ಹಿಂದಿಂದ ಬಂತು ಅಂತ ಆ ಫೈರ್ ಕ್ಯಾಪ್ಟನ್ನೇ ಕುಂದ್ರಿಸ್ಕೊಂಡು ಹೇಳ್ತಾನ. ಆ ಸೀನ್ ಎರಡು ಸಲ ಓದು.

ಕಡೀಕ ಊರ ಹೊರಗ ಒಂದಿಷ್ಟು ಮಂದಿ ಸಿಗ್ತಾರ, ಒಬ್ಬೊಬ್ರು ಒಂದೊಂದು ಪುಸ್ತಕ ಬಾಯಿಪಾಠ ಮಾಡಿ ಉಳಿಸ್ಕೊಂಡೋರು. ನಮ್ಮೂರಾಗ ಜಗನ್ನಾಥದಾಸರ ಹರಿಕಥಾಮೃತಸಾರ ಸಂಧಿ ಸಂಧಿ ಬಾಯಿಲೇ ಹೇಳೋ ಅಜ್ಜಿಯಂದ್ರು ಅದಾರ, ಅದಕ್ಕೇ ಏನೋ ಈ ಭಾಗ ನನಗ ಕಟ್ಟುಕಥಿ ಅನ್ನಿಸ್ಲೇ ಇಲ್ಲ. ಪುಸ್ತಕ ಸಣ್ಣದು, ಮೂರೇ ಭಾಗ. ಭಾಷಿ ಮಾತ್ರ ಅಲ್ಲಲ್ಲಿ ಕವಿತಾ ಆಗ್ತದ, ಡಿಕ್ಷನರಿ ಹುಡುಕ್ತಾ ಕುಂದ್ರಬ್ಯಾಡ, ಹಂಗೇ ಓಡಿಸು. ಇನ್ನೊಂದು, ಬ್ರ್ಯಾಡ್‌ಬರಿ ಇದನ್ನ ಬರ್ದಿದ್ದು ಲಾಸ್ ಏಂಜಲೀಸ್‌ನ ಒಂದು ಯೂನಿವರ್ಸಿಟಿ ಲೈಬ್ರರಿ ಕೆಳಗಿನ ರೂಮಿನ್ಯಾಗ, ಅರ್ಧ ತಾಸಿಗೆ 10 ಸೆಂಟ್ ಬಾಡಿಗಿ ಹಾಕಿದ್ರ ನಡೀತಿದ್ದ ಟೈಪ್‌ರೈಟರ್ ಮ್ಯಾಲೆ. ಪುಸ್ತಕ ಸುಡೋ ಕಥಿ ಲೈಬ್ರರ್ಯಾಗೇ ಹುಟ್ಟೇದ!

ಕೊಪ್ಪಳದಿಂದ:
ಮಾನ್ವಿ ಸರ್ ಹೇಳಿದ ಲೆಕ್ಕ ಖರೆ ಐತ್ರಿ. ನನಗ ಚುರ್ ಅಂದಿದ್ದು ದಿ ಹ್ಯಾಂಡ್‌ಮೇಡ್ಸ್ ಟೇಲ್, ಮಾರ್ಗರೆಟ್ ಆಟ್‌ವುಡ್ ಅವ್ರದು, 1985. ಒಂದೇ ದಿನದಾಗ ಹೆಣ್ಮಕ್ಕಳ ಬ್ಯಾಂಕ್ ಅಕೌಂಟ್ ಬಂದ್, ನೌಕ್ರಿ ಬಂದ್. ಅಲ್ಲಿ ನಾ ಪುಸ್ತಕ ಕೆಳಗಿಟ್ಟು ಸುಮ್ನ ಕುಂತಿದ್ದೆ, ಯಾಕಂದ್ರ ನನ್ನ ಪಗಾರದ ಅಕೌಂಟಿನ ಎಟಿಎಂ ಕಾರ್ಡು ನನ್ನ ಕೈಗೆ ಬರಾಕ ಮನ್ಯಾಗ ಎಷ್ಟು ಮಾತಾಗಿತ್ತು ಅನ್ನೋದು ನನಗ ಗೊತ್ತು. ಮನುಷ್ಯರು ಇತಿಹಾಸದಾಗ ಎಲ್ಲರೆ ಒಂದು ಕಡೆ ಮಾಡಿರಲಾರದ್ದನ್ನ ಈ ಪುಸ್ತಕದಾಗ ಹಾಕಂಗಿಲ್ಲ ಅಂತ ಅವ್ರು ನೇಮ ಹಾಕ್ಕೊಂಡು ಬರ್ದಾರ. ಆದ್ರ ಕಥಿ ಹಿಂದಕ್ಕ ಮುಂದಕ್ಕ ಜಿಗೀತಾ ಹೋಗ್ತೈತಿ, ಹೊಸಬ್ರಿಗೆ ಮೊದ್ಲು ತಲಿ ತಿರುಗ್ತೈತಿ, ಅದಕ್ಕ ಮೂರನೇದೋ ನಾಕನೇದೋ ಇಟ್ಕೋ.

ನಮ್ಮ ದೇಶದ್ದೇ ಬೇಕಂದ್ರ ಪ್ರಯಾಗ್ ಅಕ್ಬರ್ ಅವ್ರ ಲೈಲಾ ಐತಿ, 2017ರದ್ದು. ಜಾತಿ ಧರ್ಮಕ್ಕೊಂದು ಗ್ವಾಡಿ ಕಟ್ಟಿಕೊಂಡಿರೋ ಸಿಟಿಯಾಗ ತಾಯಿ ಒಬ್ಬಾಕಿ ಮಗಳನ್ನ ಹುಡುಕೋದು. ಸಣ್ಣ ಪುಸ್ತಕ, ಹೆಸ್ರುಗಳು ನಮ್ಮವೇ ಆದ್ದರಿಂದ ನಿಧಾನ ಓದೋರಿಗೂ ಸಲೀಸು. ಇಶಿಗುರೋ ಅವ್ರ ನೆವರ್ ಲೆಟ್ ಮಿ ಗೋ ಸಿಕ್ರ ಹಿಂದಿನ ರಟ್ಟಿನ ಮ್ಯಾಲೆ ಏನು ಬರ್ದಾರ ಅಂತ ಓದಬ್ಯಾಡ, ಇಷ್ಟೇ ಹೇಳ್ತೀನಿ.

ಸಂಡೂರಿನಿಂದ:
ಹಂಗರ್ ಗೇಮ್ಸ್ ಅಂದ್ರೆ ಎಲ್ರೂ ಹುಡುಗ್ರ ಪುಸ್ತಕ ಅಂತಾರೆ, ಅನ್ಲಿ ಬಿಡ್ರಿ. ಸಿನಿಮಾದಾಗ ಓಡಾಟ ಜಾಸ್ತಿ, ಪುಸ್ತಕದಾಗ ಹಸಿವು ಜಾಸ್ತಿ. ಹೀರೋಯಿನ್ ಕ್ಯಾಟ್ನಿಸ್‌ದು ಕಲ್ಲಿದ್ದಲು ಗಣಿ ಊರು, ಅಪ್ಪ ಗಣಿ ಸ್ಫೋಟದಾಗ ಸತ್ತೋನು, ಮಾಲೆಲ್ಲ ರಾಜಧಾನಿಗೆ ಹೋಗುತ್ತೆ ಊರಿಗೆ ಧೂಳು ಉಳಿಯುತ್ತೆ. ಲಾರಿ ಹಿಂದೆ ಕೆಂಪು ಧೂಳು ಕುಡ್ದು ಸ್ಕೂಲಿಗೆ ಹೋದ ನಮ್ಮಂಥೋರಿಗೆ ಅದನ್ನ ಯಾರೂ ಬಿಡಿಸಿ ಹೇಳೋದು ಬೇಕಿಲ್ಲ. ಇಂಗ್ಲಿಷೂ ಸರಳ. ನೀರಿಂದು ಬೇಕಾ, ಆಕ್ಟೇವಿಯಾ ಬಟ್ಲರ್ ಅವ್ರ ಪ್ಯಾರಬಲ್ ಆಫ್ ದಿ ಸೋವರ್. ಬಂದಿದ್ದು 1993ರಾಗ, ಕಥೆ ಶುರುವಾಗೋದು 2024ಕ್ಕೆ, ಕ್ಯಾಲಿಫೋರ್ನಿಯಾದಾಗ ಪೆಟ್ರೋಲ್‌ಗಿಂತ ನೀರು ತುಟ್ಟಿ. ಡೈರಿ ಥರ ಐತೆ, ದಿನಾ ಸ್ವಲ್ಪ ಸ್ವಲ್ಪ ಓದಾಕೆ ಚಲೋ.

ಬಳ್ಳಾರಿಯಿಂದ:
ಆಯ್ತಪ್ಪ ಒಪ್ಪಲ್ಲ ಅಂದ್ರೆ ಬಿಡ್ರಿ, ನಾನಂತೂ 1984 ಅಂತೀನಿ, ಗೋಲ್ಡ್‌ಸ್ಟೈನ್ ಪಾಠ ಬೋರ್ ಆದ್ರೆ ಮೊದ್ಲ ಸಲ ಹಾರ್ಸಿ ಮುಂದೆ ಹೋಗು, ಯಾರೂ ಪರೀಕ್ಷೆ ತಗಳಲ್ಲ. ಅಷ್ಟು ಭಯ ಇದ್ರೆ ಅದೇ ಆರ್ವೆಲ್‌ದು ಅನಿಮಲ್ ಫಾರ್ಮ್ ತಗ, ಹತ್ತೇ ಅಧ್ಯಾಯ, ಗ್ವಾಡಿ ಮ್ಯಾಲಿನ ಕಾನೂನು ರಾತ್ರೋರಾತ್ರಿ ಬದಲಾಗೋದು ನೋಡು. ದುಡ್ಡಿನ ಮಾತು ಯಾರೂ ಹೇಳ್ಲಿಲ್ಲ. ನಮ್ಮ ದೇಶದಾಗ ಬರೆದೋರು ತೀರಿಕೊಂಡು 60 ವರ್ಷ ಆದ ಮ್ಯಾಲೆ ಕಾಪಿರೈಟ್ ಮುಗೀತೈತೆ, ಆರ್ವೆಲ್ ಹೋಗಿದ್ದು 1950ರಾಗ, ಹಂಗಾಗಿ 2011ರಿಂದ ಫ್ರೀ. ಬ್ರೇವ್ ನ್ಯೂ ವರ್ಲ್ಡ್ ಅನ್ನೋ ಇಂಥದ್ದೇ ಕಾದಂಬರಿ ಬರೆದ ಹಕ್ಸ್‌ಲಿ 1963ರಾಗ ಹೋದ, 2024ರಿಂದ ಅದೂ ಫ್ರೀ. ಬ್ರ್ಯಾಡ್‌ಬರಿ 2012ರ ತನಕ ಇದ್ದ, ಅದನ್ನ ಮಾತ್ರ ಕೊಂಡೇ ಓದ್ಬೇಕು ಅಥವಾ ಲೈಬ್ರರಿಯಾಗ ಕೇಳ್ಬೇಕು.

ಸಿಂಧನೂರಿನಿಂದ:
ಎಲ್ಲಾರಿಗೂ ಥ್ಯಾಂಕ್ಸ್ ರಿ. ಫ್ಯಾರನ್‌ಹೀಟ್ ಆರ್ಡರ್ ಹಾಕೀನಿ, ಅದು ಬರೋತನಕ ಅನಿಮಲ್ ಫಾರ್ಮ್ ಫೋನಿನ್ಯಾಗೇ ಓದ್ತೀನಿ. ಕೊಪ್ಪಳ ಅಕ್ಕಾರ, ಲೈಲಾ ನೆಟ್‌ಫ್ಲಿಕ್ಸ್‌ನಾಗ ಸೀರೀಸ್ ಅದಲ್ರಿ, ಅದನ್ನ ಮೊದ್ಲು ನೋಡಿದ್ರ ನಡೀತದೇನು?

ಕೊಪ್ಪಳದಿಂದ:
ಬ್ಯಾಡ ತಮ್ಮಾ. ಸೀರೀಸ್‌ನಾಗ ಕಥಿ ಭಾಳ ಬದಲು ಮಾಡ್ಯಾರ, ಓದಿ ಆಮ್ಯಾಲೆ ನೋಡು.