ಗ್ರಾಂನಿಂದ ಪರಮಾಣುಗಳ ಲೆಕ್ಕಕ್ಕೆ: ನಿಮ್ಮ ಮಕ್ಕಳಿಗೆ ಹೇಗೆ ಹೇಳಿಕೊಟ್ಟಿರಿ?

ಗೋಣಿಕೊಪ್ಪಲು, ತಾಯಿ: ಮಗಳು ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಇಷ್ಟು ಗ್ರಾಂ ಧಾತುವಿನಲ್ಲಿ ಎಷ್ಟು ಪರಮಾಣುಗಳಿವೆ ಎಂಬ ಲೆಕ್ಕ ಬಂದಾಗಲೆಲ್ಲ ಎಲ್ಲಿ ಭಾಗಿಸಬೇಕು, ಎಲ್ಲಿ ಗುಣಿಸಬೇಕು ಎಂದು ತಡವರಿಸುತ್ತಾಳೆ. ನಿಮ್ಮ ಮನೆಗಳಲ್ಲಿ ಇದು ಹೇಗೆ ಬಗೆಹರಿಯಿತು?

ಮಡಿಕೇರಿ, ರಸಾಯನಶಾಸ್ತ್ರ ಉಪನ್ಯಾಸಕಿ: ದಯವಿಟ್ಟು ಸೂತ್ರವನ್ನು ಬಾಯಿಪಾಠ ಮಾಡಿಸಬೇಡಿ. ಗ್ರಾಂನಿಂದ ಪರಮಾಣುವಿಗೆ ನೇರ ದಾರಿ ಇಲ್ಲ, ನಡುವೆ ಮೋಲ್ ಬರಲೇಬೇಕು. ಡಜನ್ ಎಂದರೆ 12 ಇದ್ದಂತೆ, ಮೋಲ್ ಎಂದರೆ 6.022 × 10²³ ಕಣಗಳ ಒಂದು ಎಣಿಕೆ. ನಾನು ತರಗತಿಯಲ್ಲಿ ಚಿನ್ನದಿಂದಲೇ ಆರಂಭಿಸುತ್ತೇನೆ. ನಮ್ಮ ಹುಡುಗಿಯರಿಗೆ ಪವನ್ ಎಂದರೆ 8 ಗ್ರಾಂ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪಟ ಚಿನ್ನವೆಂದೇ ಇಟ್ಟುಕೊಳ್ಳೋಣ. ಆವರ್ತ ಕೋಷ್ಟಕದಲ್ಲಿ ಚಿನ್ನದ ಪರಮಾಣು ತೂಕ 197 ಎಂದಿದೆ, ಅಂದರೆ 197 ಗ್ರಾಂ ಸೇರಿದರೆ ಒಂದು ಮೋಲ್. ನಮ್ಮಲ್ಲಿರುವುದು 8 ಗ್ರಾಂ ಮಾತ್ರ, ಹಾಗಾಗಿ ಉತ್ತರ ಒಂದು ಮೋಲ್‌ಗಿಂತ ಬಹಳ ಕಡಿಮೆ ಇರಬೇಕು. ಇಷ್ಟನ್ನು ಲೆಕ್ಕಕ್ಕೆ ಮೊದಲೇ ಅವಳ ಬಾಯಿಂದ ಹೇಳಿಸಿ. 8ನ್ನು 197ರಿಂದ ಭಾಗಿಸಿದರೆ 0.0406 ಮೋಲ್. ಅದನ್ನು ಅವೊಗ್ಯಾಡ್ರೊ ಸಂಖ್ಯೆಯಾದ 6.022 × 10²³ರಿಂದ ಗುಣಿಸಿದರೆ ಸುಮಾರು 2.45 × 10²² ಪರಮಾಣುಗಳು. ಪ್ರತಿ ಸಾಲಿನಲ್ಲೂ ಏಕಮಾನ ಬರೆಸಿ. ಸರಿಯಾಗಿ ಭಾಗಿಸಿದ್ದರೆ ಗ್ರಾಂ ಹೊಡೆದುಹೋಗಿ ಮೋಲ್ ಉಳಿಯುತ್ತದೆ. ಗುಣಿಸಿಬಿಟ್ಟಿದ್ದರೆ ಗ್ರಾಂ ಎರಡು ಸಲ ಬಂದು ಕೂರುತ್ತದೆ, ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ.

ಸೋಮವಾರಪೇಟೆ, ಬೆಳೆಗಾರ: ಮೇಡಂ ಹೇಳಿದ ದಾರಿಯೇ ನಮ್ಮ ಮನೆಯಲ್ಲೂ ನಡೆದದ್ದು, ಚಿನ್ನದ ಬದಲು ಮೈಲುತುತ್ತ (ಕಾಪರ್ ಸಲ್ಫೇಟ್). ಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರಿಗೆ 1 ಕೆಜಿ ಮೈಲುತುತ್ತ ಹಾಕುತ್ತೇವಲ್ಲ, ಅದರಲ್ಲಿ ತಾಮ್ರದ ಪರಮಾಣು ಎಷ್ಟು ಎಂದು ಮಗನನ್ನು ಕೇಳಿದೆ. ಅವನು ಸೀದಾ 1000ವನ್ನು ತಾಮ್ರದ 63.5ರಿಂದ ಭಾಗಿಸಹೊರಟ. ಆ ನೀಲಿ ಹರಳಿನಲ್ಲಿ ಗಂಧಕ, ಆಮ್ಲಜನಕದ ಜೊತೆಗೆ ನೀರೂ ಸೇರಿಕೊಂಡಿದೆ, ಎಲ್ಲ ಕೂಡಿ ಒಂದು ಮೋಲ್‌ಗೆ 249.7 ಗ್ರಾಂ. ಹಾಗಾಗಿ ಒಂದು ಕೆಜಿ ಎಂದರೆ ಹೆಚ್ಚುಕಡಿಮೆ 4 ಮೋಲ್. ಒಂದು ಘಟಕಕ್ಕೆ ಒಂದೇ ತಾಮ್ರ, ಆದ್ದರಿಂದ 2.41 × 10²⁴ ಪರಮಾಣುಗಳು. ತೂಕದಲ್ಲಿ ಕಾಲು ಕೆಜಿಯಷ್ಟೇ ತಾಮ್ರ. ಉಳಿದ ಮುಕ್ಕಾಲು ಕೆಜಿ ಏನೆಂದು ಅವನೇ ಕೂತು ಬಿಡಿಸಿದ. ತೋಟದ ಮನೆಯ ಮಕ್ಕಳಿಗೆ ಇಂಥ ಲೆಕ್ಕ ಕೊಡಿ.

ವಿರಾಜಪೇಟೆ, ಬಿಎಸ್ಸಿ ವಿದ್ಯಾರ್ಥಿನಿ: ಅಕ್ಕಾ, ಪ್ರಶ್ನೆಯಲ್ಲಿ ಕೇಳಿರುವುದು ಪರಮಾಣುವೋ ಅಣುವೋ ಎಂಬುದರ ಕೆಳಗೆ ಗೆರೆ ಎಳೆಯಲು ಹೇಳಿ. 32 ಗ್ರಾಂ ಆಮ್ಲಜನಕ ಅನಿಲದಲ್ಲಿ ಅಣುಗಳು 6.022 × 10²³, ಒಂದು ಅಣುವಿನಲ್ಲಿ ಎರಡು ಪರಮಾಣು ಇರುವುದರಿಂದ ಪರಮಾಣುಗಳು ಅದರ ಎರಡರಷ್ಟು. ಮಿಲಿಗ್ರಾಂನಲ್ಲಿ ಕೊಟ್ಟಿದ್ದರೆ ಮೊದಲು ಗ್ರಾಂಗೆ ತಂದುಕೊಂಡೇ ಮುಂದೆ ಹೋಗಲಿ.